ವಿಂಡ್‌ಶೀಲ್ಡ್ ಎಷ್ಟು ಎತ್ತರ ಇರಬೇಕು? ಬೆಂಗಳೂರು–ಹುಬ್ಬಳ್ಳಿ–ಅಂಕೋಲಾ–ಆಗುಂಬೆ ರೈಡಿನ ಕಥೆ

ಶುಕ್ರವಾರ: ಬೆಂಗಳೂರಿನಿಂದ ಹೊಸಪೇಟೆ

ಭಾವನದೂ ನನ್ನದೂ ಒಂದೇ ಮಾಡೆಲ್ ಬೈಕ್. ವಿಂಡ್‌ಶೀಲ್ಡ್ (ಹ್ಯಾಂಡಲ್ ಮುಂದೆ ಗಾಳಿಗೆ ಅಡ್ಡ ನಿಲ್ಲುವ ಗ್ಲಾಸು) ಕೂಡ ಒಂದೇ ತರದ್ದು, ಒಂದೇ ಅಂಗಡಿಯಲ್ಲಿ ಹಾಕಿಸಿದ್ದು. ಅಂಗಡಿಯವರು ಎರಡನ್ನೂ ಬ್ರಾಕೆಟ್ಟಿನ ತುತ್ತತುದಿಗೆ ಏರಿಸಿ ಬೋಲ್ಟ್ ಬಿಗಿದು ಕಳಿಸಿದ್ದರು. ಎತ್ತರ ಇದ್ದಷ್ಟೂ ಒಳ್ಳೆಯದು ಅನ್ನೋದು ಎಲ್ಲರ ಲೆಕ್ಕ. ಆದರೆ ನಾನು ಐದೂವರೆ ಅಡಿ, ಭಾವ ಆರಡಿ ಮೇಲೆ ಒಂದಿಂಚು. ಒಂದೇ ಗ್ಲಾಸು ಒಂದೇ ಎತ್ತರದಲ್ಲಿ ಇಬ್ಬರಿಗೂ ಹೊಂದೋದು ಹೇಗೆ?

ಭಾವನ ಮನೆ ತೀರ್ಥಹಳ್ಳಿ. ಬೆಂಗಳೂರಿಗೆ ಕೆಲಸದ ಮೇಲೆ ಬಂದಿದ್ದರು. ವಾಪಸ್ ಹೋಗುವಾಗ ನೇರ ಶಿವಮೊಗ್ಗ ರಸ್ತೆ ಹಿಡಿಯೋದು ಬೇಡ, ಹೊಸಪೇಟೆ, ಹುಬ್ಬಳ್ಳಿ, ಅಂಕೋಲಾ ಸುತ್ತಿಕೊಂಡು ಆಗುಂಬೆ ಹತ್ತಿ ಹೋಗೋಣ, ನೀನೂ ಬಾ ಅಂದರು. ಜೂನ್ ಕೊನೆ. ಬಯಲುಸೀಮೆಯಲ್ಲಿ ಗಾಳಿ, ಘಟ್ಟದಲ್ಲಿ ಮಳೆ. ವಿಂಡ್‌ಶೀಲ್ಡ್ ಹೇಗಿದೆ ಅಂತ ನೋಡೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಕತ್ತಲಿರುವಾಗಲೇ ಹೊರಟೆವು. ನೆಲಮಂಗಲ ದಾಟಿ ರಸ್ತೆ ಬಿಡುವಾಗಿ ಸ್ಪೀಡು 80ರ ಹತ್ತಿರ ಬಂತು. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಮಿತಿಯೂ ಅಷ್ಟೇ, ನಾವು ಅದಕ್ಕಿಂತ ಮೇಲೆ ಹೋಗೋದಿಲ್ಲ. ಅಲ್ಲಿಂದ ಶುರುವಾಯಿತು ಹೊಡೆತ. ಎದೆಗೆ ಗಾಳಿ ಇಲ್ಲ, ಭುಜಕ್ಕೂ ಇಲ್ಲ, ಆದರೆ ಹೆಲ್ಮೆಟ್ ಒಳಗೆ ದಬದಬ ದಬದಬ ಅಂತ ಒಂದೇ ಸಮನೆ. ಕಿವಿಯಲ್ಲಿ ಫೋಮ್ ಪ್ಲಗ್ ಇತ್ತು, ಆದರೂ ಆ ಹೊಡೆತ ನಿಲ್ಲಲಿಲ್ಲ. ಯಾಕಂದ್ರೆ ಅದು ಬರೀ ಸದ್ದಲ್ಲ, ತಲೆಯನ್ನೇ ಅಲುಗಾಡಿಸುವ ಒತ್ತಡ. ದೂರದ ಬೋರ್ಡಿನ ಅಕ್ಷರ ಎರಡೆರಡಾಗಿ ಕಾಣುತ್ತಿತ್ತು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಂತಾಗ ಭಾವನೂ ಅದನ್ನೇ ಹೇಳಿದರು. "ಎಂತ ಮಾರಾಯ, ಇಷ್ಟು ದೊಡ್ಡ ಗ್ಲಾಸು ಹಾಕಿ ಮೊದಲಿಗಿಂತ ಜಾಸ್ತಿ ಕುತ್ತಿಗೆ ನೋವು."

ಇದು ವಿಚಿತ್ರ ಅನ್ನಿಸಬಹುದು, ಆದರೆ ಕಾರಣ ಸರಳ. ಹಳ್ಳದ ನೀರಿಗೆ ಅಡ್ಡ ಒಂದು ಕಲ್ಲಿಟ್ಟರೆ ಕಲ್ಲಿನ ಹಿಂದೆ ನೀರು ಸುಮ್ನೆ ನಿಲ್ಲೋದಿಲ್ಲ, ಸುಳಿ ತಿರುಗುತ್ತದೆ. ಗಾಳಿಯೂ ಹಾಗೇ. ಶೀಲ್ಡ್‌ನ ಮೇಲಂಚು ದಾಟಿದ ಕೂಡಲೇ ಅದು ಹರಿದು ಸುಳಿಸುಳಿಯಾಗುತ್ತದೆ. ಮೇಲಿನಿಂದ ಹೋಗುವ ಗಾಳಿ ಜೋರು, ಶೀಲ್ಡ್ ಹಿಂದಿನ ಜಾಗದಲ್ಲಿ ಒತ್ತಡ ಕಡಿಮೆ, ಈ ಎರಡರ ನಡುವಿನ ಗಡಿಯಲ್ಲಿ ಸುಳಿ ಹುಟ್ಟುತ್ತಲೇ ಇರುತ್ತದೆ. ನಿಮ್ಮ ಹೆಲ್ಮೆಟ್ ಆ ಗಡಿಯಲ್ಲೇ ಕೂತಿದ್ದರೆ ಮುಗಿಯಿತು. ಶೀಲ್ಡ್ ಇಲ್ಲದ ಬೈಕಿನಲ್ಲಿ ಗಾಳಿ ಜೋರಾಗಿ ಬರುತ್ತದೆ, ಆದರೆ ಒಂದೇ ಸಮ ಬರುತ್ತದೆ. ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಸುಳಿಗಾಳಿಗೆ ಯಾವ ಕುತ್ತಿಗೆಯೂ ಒಗ್ಗೋದಿಲ್ಲ.

ಹಾಗಾದರೆ ಹೆಲ್ಮೆಟ್ಟು ಒಂದೋ ಆ ಗಡಿಗಿಂತ ಮೇಲಿರಬೇಕು, ಇಲ್ಲಾ ಕೆಳಗಿರಬೇಕು. ಎಲ್ಲಿದೆ ಅಂತ ತಿಳಿಯೋಕೆ ಯಾವ ಯಂತ್ರವೂ ಬೇಡ. ಶಿರಾ ದಾಟಿದ ಮೇಲೆ ಮುಂದೆ ಹಿಂದೆ ಯಾವ ಗಾಡಿಯೂ ಇಲ್ಲದ ನೇರ ರಸ್ತೆ ಸಿಕ್ಕಿತು. 70ರಲ್ಲಿ ಒಂದೇ ಸಮ ಹೋಗುತ್ತಾ ಸೀಟಿನಿಂದ ಒಂದೆರಡು ಇಂಚು ಮೇಲೆದ್ದೆ. ದಬದಬ ನಿಂತೇ ಹೋಯಿತು! ಬರೀ ಸುಯ್ ಅನ್ನುವ ಸಮನಾದ ಗಾಳಿ. ಕೂತರೆ ಮತ್ತೆ ಹೊಡೆತ. ಅಂದರೆ ನನಗೆ ಶೀಲ್ಡ್ ಜಾಸ್ತಿ ಎತ್ತರ, ಅದು ಇಳಿಯಬೇಕು. ಭಾವ ಎದ್ದು ನೋಡಿದರೆ ಅವರಿಗೆ ಏನೂ ವ್ಯತ್ಯಾಸ ಇಲ್ಲ. ಅದೇ ಸ್ವಲ್ಪ ಬಗ್ಗಿ ಗದ್ದ ಕೆಳಗೆ ತಂದರೆ ಒಳಗೆಲ್ಲ ಶಾಂತ. ಅವರಿಗೆ ಗಡಿ ಇನ್ನೂ ಮೇಲೆ ಹೋಗಬೇಕು. ಒಂದೇ ಬೈಕು, ಒಂದೇ ಗ್ಲಾಸು, ಮದ್ದು ಮಾತ್ರ ಪೂರ್ತಿ ಉಲ್ಟಾ.

ಹಿರಿಯೂರಿನ ಹತ್ತಿರ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಟೂಲ್ ಕಿಟ್ ಬಿಚ್ಚಿದೆವು. ನಮ್ಮ ಬ್ರಾಕೆಟ್ಟಿನ ಎರಡೂ ಕಡೆ ಉದ್ದನೆಯ ಸೀಳು ಇದೆ, ಒಂದೊಂದು ಕಡೆ ಎರಡೆರಡು ಬೋಲ್ಟ್. ಬೋಲ್ಟಿನ ತಲೆ ಕೆಳಗೆ ರಬ್ಬರ್ ವಾಷರ್, ಹಿಂದೆ ರಬ್ಬರ್ ಬುಷ್ (ಬೋಲ್ಟ್ ತೂರುವ ಚಿಕ್ಕ ಕೊಳವೆಯಂಥ ತುಂಡು). 4 ಎಂಎಂ ಅಲೆನ್ ಕೀ ಸಾಕು. ಬಿಚ್ಚುವ ಮೊದಲು ಬ್ರಾಕೆಟ್ಟಿನ ಮೇಲೆ ಬಿಳಿ ಟೇಪ್ ಅಂಟಿಸಿ ಗ್ಲಾಸು ಈಗ ಎಲ್ಲಿದೆಯೋ ಅಲ್ಲಿಗೆ ಪೆನ್ನಲ್ಲಿ ಗೆರೆ ಎಳೆದೆ. ಇದು ಬಹಳ ಮುಖ್ಯ. ಗುರುತಿಲ್ಲದೆ ಸರಿಸಿದರೆ ಮುಂದಿನ ಸಲ ಎಲ್ಲಿಂದ ಎಲ್ಲಿಗೆ ಬಂದಿದ್ದೇವೆ ಅನ್ನೋದೇ ಗೊತ್ತಾಗೋದಿಲ್ಲ. ನಾಲ್ಕೂ ಬೋಲ್ಟನ್ನು ಪೂರ್ತಿ ತೆಗೆಯದೆ ಸಡಿಲ ಮಾಡಿ, ಭಾವ ಎರಡೂ ಕೈಯಲ್ಲಿ ಗ್ಲಾಸು ಹಿಡಿದುಕೊಂಡರು, ನಾನು ಎರಡು ಸೆಂಟಿಮೀಟರ್ ಇಳಿಸಿದೆ. ಎಡ ಬಲ ಸಮ ಇದೆಯಾ ಅಂತ ಟೇಪಿನ ಗೆರೆಯಿಂದ ಅಳೆದು ನೋಡಿ, ಒಂದು ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಅಂತಲ್ಲದೆ, ನಾಲ್ಕನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದೆವು.

ಬಿಗಿದ ಮೇಲೆ ಹ್ಯಾಂಡಲನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಿ ನೋಡಬೇಕು. ಗ್ಲಾಸು ಇಳಿದಾಗ ಹ್ಯಾಂಡ್‌ಗಾರ್ಡೋ, ಬ್ರೇಕ್ ಹೋಸೋ, ಕ್ಲಚ್ ಕೇಬಲ್ಲೋ ಅದಕ್ಕೆ ತಾಗಬಹುದು. ನೇರ ಹೋಗುವಾಗ ಗೊತ್ತೇ ಆಗೋದಿಲ್ಲ. ಘಟ್ಟದ ತಿರುವಿನಲ್ಲೋ, ಪಾರ್ಕಿಂಗಿನಲ್ಲಿ ತಿರುಗಿಸುವಾಗಲೋ ಹ್ಯಾಂಡಲ್ ಸಿಕ್ಕಿಕೊಂಡರೆ ಬೀಳೋದು ಗ್ಯಾರಂಟಿ. ನನ್ನದರಲ್ಲಿ ಕ್ಲಚ್ ಕೇಬಲ್‌ಗೂ ಗ್ಲಾಸಿಗೂ ಒಂದು ಬೆರಳು ತೂರುವಷ್ಟು ಜಾಗ ಉಳಿದಿತ್ತು. ಸಾಕು.

ಅಲ್ಲಿಂದ ಚಿತ್ರದುರ್ಗ. ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಜೋರಾಗಿ ತಿರುಗುತ್ತಿದ್ದವು. ದುರ್ಗದಿಂದ ಹೊಸಪೇಟೆ ಕಡೆಯ 50ನೇ ಹೆದ್ದಾರಿಗೆ ಹೊರಳಿದ ಮೇಲೆ ಮುಂಗಾರು ಗಾಳಿ ಪೂರ್ತಿ ಎಡಗಡೆಯಿಂದ. ನನ್ನ ಹೆಲ್ಮೆಟ್ಟಿನ ಹೊಡೆತ ಅರ್ಧಕ್ಕರ್ಧ ಇಳಿದಿತ್ತು. ಇನ್ನೂ ಒಂದು ಒಳ್ಳೆಯದಾಯಿತು. ಮೊದಲು ಗ್ಲಾಸಿನ ಅಂಚು ಸರಿಯಾಗಿ ಹುಬ್ಬಿನ ಮಟ್ಟಕ್ಕಿತ್ತು, ರಸ್ತೆಯನ್ನು ಅದರೊಳಗಿಂದಲೇ ನೋಡಬೇಕಿತ್ತು. ಈಗ ಮೂಗಿನ ಮಟ್ಟಕ್ಕೆ ಬಂತು. ಅಂಚಿನ ಮೇಲಿಂದ ರಸ್ತೆ ಸ್ವಚ್ಛ ಕಾಣುತ್ತದೆ. ಇದರ ಬೆಲೆ ಗೊತ್ತಾಗಿದ್ದು ಭಾನುವಾರ, ಮುಂದೆ ಹೇಳುತ್ತೇನೆ.

ಕೂಡ್ಲಿಗಿ ದಾಟಿ ಹೊಸಪೇಟೆ ಸೇರುವಾಗ ಬಿಸಿಲು ಇಳಿದಿತ್ತು.

ಶನಿವಾರ: ಹೊಸಪೇಟೆಯಿಂದ ಹುಬ್ಬಳ್ಳಿ

ಬೆಳಗ್ಗೆ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕೈಮುಗಿದು ಬಂದೆವು. ಹಂಪಿ ಬಗ್ಗೆ ಬರೆಯೋಕೆ ಕೂತರೆ ಈ ಬರಹ ಮುಗಿಯೋದಿಲ್ಲ, ಅದಿರಲಿ.

ಈ ದಿನದ ರಸ್ತೆ ಕೊಪ್ಪಳ, ಗದಗ, ಹುಬ್ಬಳ್ಳಿ. ಪೂರ್ತಿ ಪಡುವಣಕ್ಕೆ. ಜೂನಿನ ಗಾಳಿ ಬರೋದೂ ಪಡುವಣದಿಂದಲೇ. ಎದುರುಗಾಳಿಯ ಲೆಕ್ಕ ಬಹಳ ಜನ ಹಾಕೋದಿಲ್ಲ. ಬೈಕು 80ರಲ್ಲಿ ಹೋಗುತ್ತಿದ್ದು ಎದುರಿಂದ 30ರ ಗಾಳಿ ಬೀಸುತ್ತಿದ್ದರೆ ಶೀಲ್ಡ್‌ಗೂ ಮೈಗೂ ಅದು 110. ಗಾಳಿಯ ಒತ್ತಡ ಏರೋದು ವೇಗದ ವರ್ಗದಲ್ಲಿ, ಹಾಗಾಗಿ ಮೈಮೇಲೆ ಬೀಳುವ ಬಲ ಹೆಚ್ಚುಕಮ್ಮಿ ಎರಡು ಪಟ್ಟು. ಸ್ಪೀಡೋಮೀಟರಿನಲ್ಲಿ ಮಾತ್ರ ಅದೇ 80 ಕಾಣುತ್ತದೆ. "ನಿನ್ನೆ ಸರಿ ಇತ್ತು, ಇವತ್ತೇನಾಯ್ತು" ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ರಸ್ತೆ ಪಕ್ಕದ ಗಿಡ ಯಾವ ಕಡೆ ಬಾಗಿದೆ ಅಂತ ನೋಡಬೇಕು.

ಭಾವನ ಹೆಲ್ಮೆಟ್ಟಿಗೆ ಮುಂದೆ ಉದ್ದನೆಯ ಪೀಕ್ ಇದೆ, ಅಡ್ವೆಂಚರ್ ಹೆಲ್ಮೆಟ್ಟುಗಳಿಗೆ ಇರುತ್ತಲ್ಲ, ಅದು. ಬಿಸಿಲಿಗೆ ಒಳ್ಳೆಯದು, ಆದರೆ ಕೆಳಗಿಂದ ಎದ್ದು ಬರುವ ಗಾಳಿ ಸೀದಾ ಅದರೊಳಗೆ ಹೊಕ್ಕು ತಲೆಯನ್ನು ಹಿಂದಕ್ಕೆತ್ತುತ್ತದೆ. ಕೊಪ್ಪಳದ ಹತ್ತಿರ ಚಹಾಕ್ಕೆ ನಿಂತಾಗ ಅದರ ಸ್ಕ್ರೂ ಬಿಚ್ಚಿ ಪೀಕ್ ತೆಗೆದು ಬ್ಯಾಗಿಗೆ ಹಾಕಿದರು. ಶೀಲ್ಡ್ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅನ್ನೋದು ಭಾವನ ಹಟ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯೋದಿಲ್ಲ ಅಲ್ವಾ. ಅರ್ಧ ಗಂಟೆ ಓಡಿಸಿ ನಿಂತು ಹೇಳಿದರು, ತಲೆ ಹಿಂದಕ್ಕೆ ಎಳೆಯೋದು ಹೋಯಿತು, ದಬದಬ ಇನ್ನೂ ಇದೆ.

ನಾನು ಇನ್ನೊಂದು ಸೆಂಟಿಮೀಟರ್ ಇಳಿಸಿದೆ. ಎದುರುಗಾಳಿಗೆ ಅದು ಸರಿಹೋಯಿತು. ಭುಜದ ಮೇಲ್ಭಾಗಕ್ಕೆ ಗಾಳಿ ಬೀಳುತ್ತದೆ, ಆದರೆ ಹೆಲ್ಮೆಟ್ಟಿಗೆ ಬರುವ ಗಾಳಿ ಸಮವಾಗಿದೆ, ಸುಳಿ ಇಲ್ಲ. ಎಡಗೈಯನ್ನು ಒಂದು ಕ್ಷಣ ಅಂಚಿನ ಮೇಲೆ ಅಂಗೈ ಕೆಳಗಾಗಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಸರಿಸಿದರೆ ಗಾಳಿ ಎಲ್ಲಿ ನಡುಗುತ್ತದೆ, ಎಲ್ಲಿ ನೇರ ಹರಿಯುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ಬೆರಳು ಪಟಪಟ ಅಂದರೆ ಅದು ಸುಳಿ. ಒಂದೇ ಸಮ ಒತ್ತಿದರೆ ಅದು ಒಳ್ಳೆ ಗಾಳಿ. ಖಾಲಿ ರಸ್ತೆಯಲ್ಲಿ, ಕಡಿಮೆ ಸ್ಪೀಡಲ್ಲಿ ಮಾತ್ರ ಮಾಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಗಾಳಿಯೇ ತಾಗಬಾರದು ಅಂತ ಗ್ಲಾಸು ಏರಿಸುತ್ತಾ ಹೋಗೋದರಲ್ಲಿ ಅರ್ಥ ಇಲ್ಲ. ಎದೆಗೆ ಗಾಳಿ ತಪ್ಪಿದರೆ ಮುಕ್ಕಾಲು ದಣಿವು ತಪ್ಪಿದ ಹಾಗೆ. ತಲೆಗೆ ಗಾಳಿ ಬರಲಿ, ಸಮವಾಗಿ ಬರಲಿ, ಅಷ್ಟು ಸಾಕು. ಹೆಲ್ಮೆಟ್ಟಿನ ಗಾಳಿಕಿಂಡಿಗಳೂ ಆಗಲೇ ಕೆಲಸ ಮಾಡೋದು, ತಲೆ ಬೆವರೋದಿಲ್ಲ.

ಗದಗದ ಹತ್ತಿರ ಮತ್ತೆ ಗಾಳಿಯಂತ್ರಗಳು, ದೂರದಲ್ಲಿ ಕಪ್ಪತಗುಡ್ಡದ ಸಾಲು. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹುಬ್ಬಳ್ಳಿ ತಲುಪಿದಾಗ ಇನ್ನೂ ಬೆಳಕಿತ್ತು.

ಹುಬ್ಬಳ್ಳಿಯಲ್ಲಿ ಭಾವನ ಗ್ಲಾಸಿನ ಕೆಲಸ ಇತ್ತು. ಅದು ಆಗಲೇ ತುದಿಯಲ್ಲಿದೆ, ಇನ್ನು ಏರಿಸೋಕೆ ಸೀಳಿಲ್ಲ. ಆದರೆ ಎತ್ತರ ಒಂದೇ ದಾರಿ ಅಲ್ಲ, ಓರೆಯೂ ಇದೆ. ಹಿಂದಕ್ಕೆ ಮಲಗಿದ ಗ್ಲಾಸು ಗಾಳಿಯನ್ನು ಹಾಗೇ ಜಾರಿಸಿ ಕಳಿಸುತ್ತದೆ, ಸ್ವಲ್ಪ ನೆಟ್ಟಗೆ ನಿಲ್ಲಿಸಿದರೆ ಗಾಳಿಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅಂದರೆ ಗ್ಲಾಸಿನ ಉದ್ದ ಅಷ್ಟೇ ಇದ್ದರೂ ಸುಳಿಯ ಗಡಿ ಮೇಲೆ ಹೋಗುತ್ತದೆ. ಮೇಲಿನ ಎರಡು ಬೋಲ್ಟಿಗೆ ಗ್ಲಾಸಿಗೂ ಬ್ರಾಕೆಟ್ಟಿಗೂ ನಡುವೆ ಒಂದೊಂದು ಬುಷ್ ಕೊಟ್ಟು ಮೇಲ್ಭಾಗವನ್ನು ಮುಂದಕ್ಕೆ ತಳ್ಳಬೇಕು. ಅದಕ್ಕೆ ಉದ್ದದ ಬೋಲ್ಟ್ ಬೇಕು.

ಒಂದು ಚಿಕ್ಕ ಗ್ಯಾರೇಜಿಗೆ ಹೋದೆವು. ವಯಸ್ಸಾದ ಮೆಕ್ಯಾನಿಕ್ ಒಬ್ಬರು ಎಲ್ಲ ಕೇಳಿಸಿಕೊಂಡು, ಡಬ್ಬಿಯಿಂದ ಒಂದು ಹಿಡಿ ಬೋಲ್ಟ್ ಸುರುವಿ, ಅದರಲ್ಲಿ 5 ಎಂಎಂ ದಪ್ಪದವು ಎರಡು ಆರಿಸಿದರು. ನೈಲಾನ್ ಬುಷ್ ಎರಡನ್ನು ಹ್ಯಾಕ್ಸಾದಲ್ಲಿ ಕೊಯ್ದು, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದರು. ಎರಡನ್ನೂ ಒಂದರ ಪಕ್ಕ ಒಂದು ನಿಲ್ಲಿಸಿ ಉಗುರಾಡಿಸಿ ನೋಡಿ, ಒಂದನ್ನು ಮತ್ತೊಂದು ಸಲ ಉಜ್ಜಿದರು. ಭಾವ ಅಲೆನ್ ಕೀ ತಗೊಂಡು ಬಿಗಿಯೋಕೆ ಹೋದರೆ ಕೈ ಹಿಡಿದು ನಿಲ್ಲಿಸಿದರು.

"ಭಾಳ ಟೈಟ್ ಮಾಡಬ್ಯಾಡ್ರಿ ಸರ. ಗ್ಲಾಸಿಗೆ ಜೀವ ಇರೂದಿಲ್ಲ, ತೂತಿನ ಕಡಿಂದ ಸೀಳತೈತಿ. ಎರಡ ಬೆರಳಾಗ ಹಿಡದು ತಿರುವ್ರಿ, ರಬ್ಬರ್ ಸ್ವಲ್ಪ ಉಬ್ಬಿತು ಅಂದ್ರ ಬಿಡ್ರಿ."

"ಸಡಿಲ ಆಗಿ ಬಿದ್ದರೆ? ಲಾಕ್‌ಟೈಟ್ ಹಾಕೋಣವಾ?" ಅಂದರು ಭಾವ. ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು ಅದು.

"ಅದನ್ನ ಹಚ್ಚಬ್ಯಾಡ್ರಿ. ಆ ಎಣ್ಣಿ ಗ್ಲಾಸಿಗೆ ತಾಗಿದ್ರ ಬಿರುಕು ಬಿಡತೈತಿ. ದಿನಾ ಮುಂಜಾನೆ ಒಮ್ಮೆ ಕೈ ಆಡ್ಸಿ ನೋಡ್ರಿ, ಸಾಕು."

ಇದು ನೂರಕ್ಕೆ ನೂರು ನಿಜ. ನಾವು ಗ್ಲಾಸು ಅಂತ ಕರೆಯೋದು ಹೆಚ್ಚಾಗಿ ಪಾಲಿಕಾರ್ಬೊನೇಟ್ ಅಥವಾ ಅಕ್ರಿಲಿಕ್. ಪಾಲಿಕಾರ್ಬೊನೇಟ್ ಕಲ್ಲೇಟಿಗೆ ಜಗ್ಗೋದಿಲ್ಲ, ಆದರೆ ಬೋಲ್ಟ್ ಬಿಗಿಯಾಗಿ ಎಳೆತದಲ್ಲಿರುವ ಜಾಗಕ್ಕೆ ಪೆಟ್ರೋಲು, ಥಿನ್ನರು, ಬೋಲ್ಟಿಗೆ ಹಚ್ಚುವ ದ್ರವ, ಅಮೋನಿಯಾ ಇರುವ ಗ್ಲಾಸ್ ಕ್ಲೀನರು ತಾಗಿದರೆ ಕೂದಲೆಳೆಯಂಥ ಬಿರುಕುಗಳು ಹುಟ್ಟಿಕೊಳ್ಳುತ್ತವೆ. ರಬ್ಬರ್ ವಾಷರ್ ಇರೋದು ಆ ಎಳೆತ ತಗ್ಗಿಸೋಕೆ, ಗ್ಲಾಸಿನ ಅದುರನ್ನು ತಿನ್ನೋಕೆ. ಅದನ್ನು ಜಜ್ಜಿ ಚಪ್ಪಟೆ ಮಾಡಿದರೆ ಇದ್ದೂ ಇಲ್ಲದ ಹಾಗೆ. ದುಡ್ಡು ಎಷ್ಟು ಅಂದರೆ ಬೋಲ್ಟಿನದ್ದು ಮಾತ್ರ ತಗೊಂಡರು. ಮಿರ್ಚಿ ಗಿರ್ಮಿಟ್ ತಿನ್ನೋಕೆ ಎಲ್ಲಿಗೆ ಹೋಗಬೇಕು ಅನ್ನೋದನ್ನೂ ಅವರೇ ಹೇಳಿದರು.

ಭಾನುವಾರ: ಹುಬ್ಬಳ್ಳಿಯಿಂದ ಗೋಕರ್ಣ

ಕಲಘಟಗಿ ದಾಟುವವರೆಗೆ ಒಣ ರಸ್ತೆ. ಭಾವ ಮುಂದೆ ಹೋಗುತ್ತಿದ್ದವರು ಹೆಬ್ಬೆರಳು ಎತ್ತಿ ತೋರಿಸಿದರು. ನೆಟ್ಟಗೆ ನಿಂತ ಗ್ಲಾಸು ಕೆಲಸ ಮಾಡಿತ್ತು. ಅವರ ಹೆಲ್ಮೆಟ್ಟು ಈಗ ಸುಳಿಯ ಕೆಳಗೆ, ಶಾಂತ ಜಾಗದಲ್ಲಿ. ಗ್ಲಾಸಿನ ಬುಡದಲ್ಲಿ ಹೆಡ್‌ಲೈಟಿನ ಮೇಲೆ ಒಂದಿಷ್ಟು ಸಂದು ಇರೋದು ಕೂಡ ಒಳ್ಳೆಯದೇ. ಅಲ್ಲಿಂದ ಸ್ವಲ್ಪ ಗಾಳಿ ಒಳಗೆ ಬಂದರೆ ಹಿಂದಿನ ಖಾಲಿ ಜಾಗ ತುಂಬಿ ಒತ್ತಡದ ವ್ಯತ್ಯಾಸ ಕಡಿಮೆಯಾಗುತ್ತದೆ, ಸುಳಿಯ ಜೋರೂ ತಗ್ಗುತ್ತದೆ. ಬೆನ್ನಿಗೆ ಯಾರೋ ಒತ್ತಿ ಮುಂದೆ ತಳ್ಳಿದ ಹಾಗೆ ಅನ್ನಿಸೋದೂ ನಿಲ್ಲುತ್ತದೆ. ಆ ಸಂದನ್ನು ಚೆಂದ ಕಾಣಲಿ ಅಂತ ಮುಚ್ಚುವವರಿದ್ದಾರೆ. ಬೇಡ.

ಯಲ್ಲಾಪುರದಲ್ಲಿ ಮಳೆ ಹಿಡಿಯಿತು. ಅರಬೈಲ್ ಘಟ್ಟ ಇಳಿಯುವಾಗ ಬರೀ ಮಳೆ ಅಲ್ಲ, ಮಂಜೂ ಸೇರಿಕೊಂಡಿತು. ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದವು, ಅವುಗಳ ಚಕ್ರದಿಂದ ಕೆಂಪು ನೀರು ಎದ್ದು ಗ್ಲಾಸಿಗೆ ರಪ್ಪೆಂದು ಬೀಳುತ್ತಿತ್ತು. ಒಂದೆರಡು ತಿರುವು ಕಳೆಯುವಷ್ಟರಲ್ಲಿ ಗ್ಲಾಸಿನಿಂದ ಆಚೆ ಏನೂ ಕಾಣದಂತಾಯಿತು. ಹೆಲ್ಮೆಟ್ಟಿನ ವೈಸರನ್ನಾದರೆ ಗ್ಲೌಸಿನ ಬೆರಳಿನಿಂದ ಒರೆಸಬಹುದು, ಶೀಲ್ಡನ್ನು ಓಡಿಸುತ್ತಾ ಒರೆಸೋಕಾಗುತ್ತಾ? ಒಳಗಡೆಗೂ ಹನಿ ಕೂರುತ್ತದೆ, ಮಂಜು ಹಿಡಿಯುತ್ತದೆ. ಎದುರು ಬರುವ ಗಾಡಿಯ ಲೈಟು ಆ ಹನಿಗಳಲ್ಲಿ ಒಡೆದು ಇಡೀ ಗ್ಲಾಸು ಬೆಳ್ಳಗಾಗುತ್ತದೆ. ಶುಕ್ರವಾರದ ಎತ್ತರದಲ್ಲೇ ಬಂದಿದ್ದರೆ ಆ ಬೆಳ್ಳನೆ ಗ್ಲಾಸಿನೊಳಗಿಂದಲೇ ಹೇರ್‌ಪಿನ್ ತಿರುವು ಹುಡುಕಬೇಕಿತ್ತು. ಈಗ ಅಂಚು ಮೂಗಿಗಿಂತ ಕೆಳಗೆ. ಕಣ್ಣಿಗೂ ರಸ್ತೆಗೂ ನಡುವೆ ಇರೋದು ಹೆಲ್ಮೆಟ್ ವೈಸರ್ ಒಂದೇ.

ಅದಕ್ಕೇ ನಾನು ಯಾರು ಕೇಳಿದರೂ ಮೊದಲು ಹೇಳೋದು ಇದನ್ನು. ಗಾಳಿಯ ಸುಖ ಆಮೇಲೆ. ನೀವು ಸಹಜವಾಗಿ ಕೂತಾಗ ಕಣ್ಣು ಅಂಚಿನ ಮೇಲಿಂದ ರಸ್ತೆ ನೋಡಬೇಕು. ಗೀರು, ಹುಳ, ಕೆಸರು, ರಾತ್ರಿ ಲೈಟು, ಇವೆಲ್ಲ ಒಂದಲ್ಲ ಒಂದು ದಿನ ಬರುವಂಥವೇ. ನಮ್ಮಂಥ ಮಳೆಯ ನಾಡಲ್ಲಿ ಅಂಚು ಕಣ್ಣಿನ ಮಟ್ಟಕ್ಕೆ ಏರಿಸೋದು ಸರಿಯೇ ಅಲ್ಲ.

ಘಟ್ಟದಲ್ಲಿ ಸ್ಪೀಡು ಮೂವತ್ತು ನಲವತ್ತು. ಅಷ್ಟಕ್ಕೆ ಯಾವ ಶೀಲ್ಡೂ ಮಳೆಯನ್ನು ಎತ್ತಿ ಹಾಕೋದಿಲ್ಲ. ಹೆಲ್ಮೆಟ್ಟು, ತೋಳು ಎಲ್ಲ ನೆನೆಯಿತು. ಆದರೆ ಎದೆ ಮತ್ತು ಹೊಟ್ಟೆಯ ಭಾಗ ಇಬ್ಬರದ್ದೂ ಬಹಳ ಹೊತ್ತು ಒಣಗಿತ್ತು. ಅದು ಒಣಗಿದ್ದರೆ ಚಳಿ ಹತ್ತೋದಿಲ್ಲ, ಕೈ ಮರಗಟ್ಟೋದೂ ತಡ.

ಅಂಕೋಲಾದಲ್ಲಿ 66ನೇ ಹೆದ್ದಾರಿ ಸೇರಿ ದಕ್ಷಿಣಕ್ಕೆ. ಶಿರೂರಿನಲ್ಲಿ ನಿಧಾನ ಮಾಡಿದೆವು. 2024ರ ಜುಲೈ 16ರಂದು ಗುಡ್ಡ ಕುಸಿದು ಜನ, ಗಾಡಿ, ಚಹಾದಂಗಡಿ ಎಲ್ಲ ಗಂಗಾವಳಿ ನದಿ ಪಾಲಾದ ಜಾಗ ಅದು. ಇಬ್ಬರೂ ಮಾತಾಡಲಿಲ್ಲ. ಮಳೆಗಾಲದಲ್ಲಿ ಈ ದಾರಿ ಹಿಡಿಯುವವರು ಹೊರಡುವ ಬೆಳಗ್ಗೆ ಎಚ್ಚರಿಕೆ ಏನಿದೆ ಅಂತ ನೋಡಿಕೊಂಡೇ ಹೊರಡಿ, ಕತ್ತಲಾದ ಮೇಲೆ ಘಟ್ಟಕ್ಕೆ ಕೈ ಹಾಕಬೇಡಿ.

ಗೋಕರ್ಣದಲ್ಲಿ ರೂಮಿಗೆ ಹೋಗುವ ಮೊದಲು ಗ್ಲಾಸು ತೊಳೆದೆವು. ಒಣ ಬಟ್ಟೆಯಲ್ಲಿ ಉಜ್ಜಿದರೆ ಕೆಸರಿನ ಮರಳೇ ಗೀರಿ ಹಾಕುತ್ತದೆ. ಒದ್ದೆ ಬಟ್ಟೆಯನ್ನು ಗ್ಲಾಸಿನ ಮೇಲೆ ಹೊದಿಸಿ ಐದು ಹತ್ತು ನಿಮಿಷ ಬಿಟ್ಟು, ಮೇಲಿಂದ ನೀರು ಬಿಡುತ್ತಾ ಒತ್ತದೆ ಎಳೆದರೆ ಹುಳದ ಕಲೆಯೂ ಎದ್ದು ಬರುತ್ತದೆ.

ಸೋಮವಾರ: ಗೋಕರ್ಣದಿಂದ ತೀರ್ಥಹಳ್ಳಿ

ಮಳೆ ಬಿಟ್ಟಿತ್ತು, ಗಾಳಿ ಬಿಟ್ಟಿರಲಿಲ್ಲ. ಕುಮಟಾ ದಾಟಿ ಹೊನ್ನಾವರದ ಶರಾವತಿ ಸೇತುವೆ ಮೇಲೆ ಬಂದಾಗ ಬಲಗಡೆ ಸಮುದ್ರದಿಂದ ಗಾಳಿ ಬೈಕನ್ನೇ ಪಕ್ಕಕ್ಕೆ ತಳ್ಳಿತು. ಅಡ್ಡಗಾಳಿಗೆ ಗ್ಲಾಸು ಹಾಯಿಯ ಕೆಲಸ ಮಾಡುತ್ತದೆ, ದೊಡ್ಡದಿದ್ದಷ್ಟೂ, ನೆಟ್ಟಗಿದ್ದಷ್ಟೂ ಜಾಸ್ತಿ. ಸೇತುವೆ ದಾಟಿ ನಿಂತು ಕೇಳಿದರೆ ಭಾವನಿಗೆ ನನಗಿಂತ ಜೋರಾಗಿ ತಳ್ಳಿದ ಅನುಭವ. ಅವರ ಗ್ಲಾಸು ನನ್ನದಕ್ಕಿಂತ ಮೂರು ಸೆಂಟಿಮೀಟರ್ ಮೇಲಿದೆ, ಮೇಲಾಗಿ ನೆಟ್ಟಗಿದೆ. ಇಂಥ ಕಡೆ ಹ್ಯಾಂಡಲ್ ಬಿಗಿ ಹಿಡಿಯಬಾರದು. ಮೊಣಕಾಲಲ್ಲಿ ಟ್ಯಾಂಕ್ ಒತ್ತಿ ಹಿಡಿದು ತೋಳು ಸಡಿಲ ಬಿಡಬೇಕು, ಸ್ಪೀಡು ಇಳಿಸಬೇಕು.

ಮರವಂತೆಯಲ್ಲಿ ಬಲಕ್ಕೆ ಸಮುದ್ರ, ಎಡಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಎಲ್ಲರೂ ಫೋಟೋ ತೆಗೆಯುವ ಜಾಗ. ನಾವು ಅಲ್ಲಿ ಬೈಕು ಅದಲು ಬದಲು ಮಾಡಿಕೊಂಡೆವು. ಭಾವನ ಬೈಕಿನಲ್ಲಿ ನನಗೆ ಶುಕ್ರವಾರದ್ದಕ್ಕಿಂತ ಕೆಟ್ಟ ಅನುಭವ, ರಸ್ತೆ ಪೂರ್ತಿ ಗ್ಲಾಸಿನೊಳಗೆ, ಜೊತೆಗೆ ಸೆಖೆ. ಕರಾವಳಿಯ ಸೆಖೆಯಲ್ಲಿ ಒಂಚೂರೂ ಗಾಳಿ ಬರದ ಜಾಗದಲ್ಲಿ ಕೂತರೆ ಜಾಕೆಟ್ಟಿನೊಳಗೆ ಬೆವರು ಹರಿಯುತ್ತದೆ. ನನ್ನ ಬೈಕಿನಲ್ಲಿ ಭಾವನಿಗೆ ಆಶ್ಚರ್ಯ ಕಾದಿತ್ತು.

"ನಿಂದರಲ್ಲಿ ಎದೆಗೆಲ್ಲ ಗಾಳಿ ಬಡೀತದೆ ಮಾರಾಯ, ಆದರೆ ತಲೆಗೆ ಎಂತ ಹೊಡೆತವೂ ಇಲ್ಲ! ಇದೂ ಒಂದು ಸುಖವೇ."

ಹೌದು. ಅಂಚು ಅವರ ಎದೆಮಟ್ಟಕ್ಕೆ ಬಂದಿತ್ತು, ಸುಳಿ ಕತ್ತಿನ ಕೆಳಗೇ ಮುಗಿದುಹೋಗಿ ಹೆಲ್ಮೆಟ್ಟಿಗೆ ಬರೀ ನೇರ ಗಾಳಿ. ಎತ್ತರದವರಿಗೆ ಹೀಗೆ ಎರಡು ಆಯ್ಕೆ ಇದೆ. ಒಂದೋ ಸುಳಿಯನ್ನು ತಲೆ ಮೇಲಿಂದ ದಾಟಿಸೋದು, ಇಲ್ಲಾ ತಲೆಗಿಂತ ಕೆಳಗೇ ಮುಗಿಸೋದು. ನಡುವೆ ನಿಲ್ಲೋದು ಮಾತ್ರ ಯಾರಿಗೂ ಆಗೋದಿಲ್ಲ. ಭಾವ ಕುಂದಾಪುರದವರೆಗೂ ನನ್ನ ಬೈಕು ಬಿಡಲಿಲ್ಲ.

ಬ್ರಹ್ಮಾವರದಲ್ಲಿ ಎಡಕ್ಕೆ ಹೊರಳಿ ಹೆಬ್ರಿ, ಸೋಮೇಶ್ವರ, ಆಗುಂಬೆ ಘಟ್ಟ. ಹದಿನಾಲ್ಕು ಹೇರ್‌ಪಿನ್ ತಿರುವು, ಮೈಯೆಲ್ಲ ಕಣ್ಣಾಗಿ ಹತ್ತಬೇಕು. ಹ್ಯಾಂಡಲ್ ಪೂರ್ತಿ ತಿರುಗುವ ಜಾಗಗಳಿವು. ಹಿರಿಯೂರಲ್ಲಿ ನೋಡಿಟ್ಟುಕೊಂಡ ಆ ಒಂದು ಬೆರಳಿನ ಸಂದು ಇಲ್ಲಿ ಉಪಯೋಗಕ್ಕೆ ಬಂತು. ಮೇಲೆ ಸೂರ್ಯಾಸ್ತದ ಕಟ್ಟೆಯಲ್ಲಿ ಮೋಡ ಬಿಟ್ಟು ಏನೂ ಕಾಣಲಿಲ್ಲ. ತೀರ್ಥಹಳ್ಳಿ ಮುಟ್ಟಿದಾಗ ಅಕ್ಕ ಕೊಟ್ಟೆ ಕಡುಬು ಮಾಡಿಟ್ಟಿದ್ದಳು.

ಮಂಗಳವಾರ: ತೀರ್ಥಹಳ್ಳಿಯಿಂದ ಬೆಂಗಳೂರು

ಅಕ್ಕನಿಗೆ ಮಂಡಗದ್ದೆಯ ಹಕ್ಕಿ ನೋಡಬೇಕಿತ್ತು. ಭಾವನ ಹಿಂದೆ ಕೂತು ಅಲ್ಲಿಯವರೆಗೆ ಬಂದಳು. ತುಂಗೆಯ ದಂಡೆಯಲ್ಲಿ ಇಳಿದವಳೇ ಹೆಲ್ಮೆಟ್ ತೆಗೆದು, "ಏನ್ರೀ ಇದು, ಮೊದಲು ಹೀಗಿರಲಿಲ್ಲ. ನನ್ನ ತಲೆಗೇ ಬಂದು ಹೊಡೀತದೆ ಗಾಳಿ" ಅಂದಳು.

ಹಿಂದಿನ ಸೀಟು ಮುಂದಿನದ್ದಕ್ಕಿಂತ ಎತ್ತರ. ಭಾವನ ಹೆಲ್ಮೆಟ್ ಮೇಲಿಂದ ಹಾದ ಸುಳಿ ಸೀದಾ ಅಕ್ಕನ ಮುಖಕ್ಕೆ ಹೋಗುತ್ತಿತ್ತು. ಇಬ್ಬರು ಕೂತು ಓಡಾಡುವವರು ಇದನ್ನು ನೋಡಲೇಬೇಕು, ಹಿಂದೆ ಕೂತವರನ್ನು ಕೇಳಲೇಬೇಕು. ಮುಂದಿನವರಿಗೆ ಸುಖವಾಯಿತು ಅಂತ ಹಿಂದಿನವರು ಕುತ್ತಿಗೆ ನೋವು ಅನುಭವಿಸೋದು ನ್ಯಾಯ ಅಲ್ಲ. ಭಾವ ಒಂದು ಮಾತೂ ಆಡದೆ ಟೂಲ್ ಕಿಟ್ ತೆಗೆದು, ಬುಷ್ ಎರಡನ್ನೂ ಬಿಚ್ಚಿ, ಹಳೆ ಬೋಲ್ಟ್ ಹಾಕಿ, ಗ್ಲಾಸನ್ನು ಸೀಳಿನ ಕೆಳತುದಿಗೆ ಇಳಿಸಿದರು. ಮರವಂತೆಯಲ್ಲಿ ನನ್ನ ಬೈಕಿನಲ್ಲಿ ಕಂಡ ಸುಖ ನೆನಪಿತ್ತು. ಸ್ವಲ್ಪ ದೂರ ಹೋಗಿ ಬರುತ್ತೇವೆ ಅಂತ ಹೊರಟವರು ಬಹಳ ಹೊತ್ತಾದ ಮೇಲೆ ನಗುತ್ತಾ ವಾಪಸ್ ಬಂದರು. ಅಕ್ಕನಿಗೆ ಎಷ್ಟೋ ವಾಸಿ, ಭಾವನಿಗೂ ಹೊಡೆತ ಇಲ್ಲ, ಎದೆಗೆ ಮಾತ್ರ ಗಾಳಿ. ಒಬ್ಬರೇ ದೂರ ಹೋಗುವಾಗ ಬುಷ್, ಇಬ್ಬರಿದ್ದಾಗ ಇದು ಅಂತ ತೀರ್ಮಾನ. ಬುಷ್ ಬೋಲ್ಟುಗಳನ್ನು ಅಕ್ಕ ಒಂದು ಚಿಕ್ಕ ಡಬ್ಬಿಗೆ ಹಾಕಿ ಸೀಟಿನ ಕೆಳಗಿಟ್ಟಳು.

ಅವರು ಹಕ್ಕಿ ನೋಡೋಕೆ ಉಳಿದರು, ನಾನು ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ ದಾರಿ ಹಿಡಿದೆ. ಈಗ ಮೂಡಣಕ್ಕೆ ಮುಖ, ಗಾಳಿ ಬೆನ್ನಿಗೆ. 80ರಲ್ಲಿ ಹೋಗುತ್ತಿದ್ದರೂ ಮೈಗೆ ಬೀಳುವ ಗಾಳಿ 50ರದ್ದು. ಶನಿವಾರದ ಎದುರುಗಾಳಿಯ ಮುಂದೆ ಇದು ಏನೂ ಅಲ್ಲ. ಎಷ್ಟು ಶಾಂತ ಅಂದರೆ ಚೈನಿನ ಸದ್ದು ಕೇಳುತ್ತಿತ್ತು. ಇಂಥ ದಿನ ಗ್ಲಾಸು ಯಾವ ಎತ್ತರದಲ್ಲಿದ್ದರೂ ಚೆನ್ನಾಗಿದೆ ಅನ್ನ್ಸುತ್ತೆ. ಅದಕ್ಕೇ ಹೊಸದಾಗಿ ಹಾಕಿಸಿದವರು ಒಂದು ದಿಕ್ಕಿಗೆ ಓಡಿಸಿ ನೋಡಿ ಸರಿ ಇದೆ ಅಂತ ಬಿಡಬಾರದು. ಹೋದ ದಾರಿಯಲ್ಲೇ ವಾಪಸ್ ಬಂದು ನೋಡಬೇಕು.

ತಿಪಟೂರಿನಲ್ಲಿ ಊಟಕ್ಕೆ ನಿಂತಾಗ ಬೋಲ್ಟುಗಳ ಮೇಲೆ ಕೈಯಾಡಿಸಿದೆ. ಎಡಗಡೆ ಕೆಳಗಿನದ್ದು ಕೂದಲೆಳೆಯಷ್ಟು ಸಡಿಲ ಆಗಿತ್ತು, ಎರಡು ಬೆರಳಲ್ಲಿ ತಿರುವಿದೆ, ರಬ್ಬರ್ ಉಬ್ಬಿತು, ಬಿಟ್ಟೆ. ಮಳೆಗೆ ನೆನೆದು ಸುಲಿದುಹೋಗಿದ್ದ ಟೇಪನ್ನು ಕಿತ್ತು, ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಪೇಂಟ್ ಮಾರ್ಕರ್ ಕೊಂಡು ಬ್ರಾಕೆಟ್ಟಿನ ಎರಡೂ ಕಡೆ ಬಿಳಿ ಗೆರೆ ಎಳೆದೆ. ಮುಂದಿನ ವಾರ ಬೈಕು ಸರ್ವಿಸಿಗೆ ಹೋಗುತ್ತದೆ. ಹೆಡ್‌ಲೈಟ್ ಕೆಲಸ ಇದ್ದರೆ ಗ್ಲಾಸು ಬಿಚ್ಚಿಯೇ ಬಿಚ್ಚುತ್ತಾರೆ, ವಾಪಸ್ ಈ ಗೆರೆಗೇ ಕೂರಿಸಿ ಅಂತ ಜಾಬ್ ಕಾರ್ಡಿನಲ್ಲಿ ಬರೆಸಬೇಕು.